ಅಶ್ವತ್ಥ್ ನೆನಪಿನ ಸಂಜೆಗೆ ಟ್ರ್ಯಾಕ್ ಬೇಡ, ಪೇಟಿ ಇರಲಿ

ಪ್ರಶ್ನೆ: ನಾವು ಕಲಬುರಗಿಯವರು. ನಮ್ಮ ಬಡಾವಣೆಯವರೆಲ್ಲ ಸೇರಿ ಈ ಸಲ ಡಿಸೆಂಬರ್ 29ಕ್ಕೆ ಸಿ. ಅಶ್ವತ್ಥ್ ನೆನಪಿನ ಸಂಜೆ ಮಾಡಬೇಕು ಅಂತಿದ್ದೇವೆ. ನಮ್ಮ ತಂದೆಯವರಿಗೆ ಅವರ ಶರೀಫರ ಹಾಡು ಅಂದರೆ ಪ್ರಾಣ. ಹಾಡೋಕೆ 14 ಮಕ್ಕಳು, ಆರೇಳು ಜನ ದೊಡ್ಡವರು ಇದ್ದೇವೆ. ಮೊಬೈಲಿನಲ್ಲಿ ಸಿಗುವ ಕರೋಕೆ ಟ್ರ್ಯಾಕ್ ಹಾಕಿಕೊಂಡು ಹಾಡಿದರೆ ಆಗುತ್ತಾ? ಇನ್ನೊಂದು ವಿಷಯ. ಹಾಡು ಬರೆದವರು ಬೇರೆ, ಎಷ್ಟೋ ಹಾಡು ಹಾಡಿದವರೂ ಬೇರೆ, ಹಾಗಾದರೆ ಅಶ್ವತ್ಥ್ ಮಾಡಿದ್ದೇನು ಅಂತ ನಮ್ಮ ಹುಡುಗರು ಕೇಳುತ್ತಾರೆ. ನನಗೆ ಸರಿಯಾಗಿ ಹೇಳೋಕೆ ಬರಲಿಲ್ಲ.

ಉತ್ತರ: ನಿಮ್ಮ ಪ್ರಶ್ನೆ ಓದಿ ಬಹಳ ಖುಷಿಯಾಯಿತು. ಟ್ರ್ಯಾಕಿನ ವಿಷಯ ಆಮೇಲೆ ಹೇಳುತ್ತೇನೆ, ಮೊದಲು ಹುಡುಗರ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕರೆ ಟ್ರ್ಯಾಕ್ ಬೇಕೋ ಬೇಡವೋ ಅನ್ನೋದು ತಾನಾಗೇ ಗೊತ್ತಾಗುತ್ತದೆ.

ಮಕ್ಕಳನ್ನು ಕೂರಿಸಿಕೊಂಡು ಒಂದು ಆಟ ಆಡಿಸಿ. ‘ತಂಗಿ’ ಅನ್ನೋ ಒಂದೇ ಒಂದು ಪದ ಕೊಡಿ. ದೂರದ ಹೊಲದಲ್ಲಿರುವ ತಂಗಿಯನ್ನು ಕೂಗಿ ಕರಿ ಅನ್ನಿ. ‘ತಂಗೀ...’ ಅಂತ ದನಿ ಮೇಲೇರುತ್ತದೆ, ಕೊನೆಯ ಅಕ್ಷರ ಉದ್ದ ಆಗುತ್ತದೆ. ಆಮೇಲೆ, ಅಳುತ್ತಾ ಕೂತಿರುವ ತಂಗಿಗೆ ಸಮಾಧಾನ ಹೇಳು ಅನ್ನಿ. ಪದ ಅದೇ. ಆದರೆ ದನಿ ಕೆಳಗಿಳಿದು ಮೆತ್ತಗಾಗುತ್ತದೆ. ಇನ್ನೊಮ್ಮೆ, ಎಲ್ಲೂ ಕಾಣದ ವಿಚಿತ್ರ ಒಂದನ್ನು ಕಂಡು ಬಂದು ತಂಗಿಗೆ ಹೇಳು ಅನ್ನಿ. ಈಗ ಅದೇ ಪದ ಪಟ್ಟನೆ ಜಿಗಿದು ಬರುತ್ತದೆ. ಮೂರು ಸಲವೂ ಮಕ್ಕಳಿಗೆ ಯಾರೂ ಸ್ವರ ಹೇಳಿಕೊಟ್ಟಿಲ್ಲ. ಸ್ವರ ಮಾತಿನೊಳಗೇ ಇತ್ತು.

ಈಗ ಶರೀಫರ ಎರಡು ಹಾಡು ಕೇಳಿಸಿ. ಒಂದು ‘ಕೋಡಗನ ಕೋಳಿ ನುಂಗಿತ್ತ’, ಇನ್ನೊಂದು ‘ಅಳಬೇಡ ತಂಗಿ ಅಳಬೇಡ’. ಎರಡರಲ್ಲೂ ತಂಗಿ ಇದ್ದಾಳೆ. ಮೊದಲನೆಯದರಲ್ಲಿ ಅವಳಿಗೆ ಬೆರಗಿನ ಸುದ್ದಿ ಹೇಳುತ್ತಿದ್ದಾರೆ, ಎರಡನೆಯದರಲ್ಲಿ ಗಂಡನ ಮನೆಗೆ ಹೊರಟವಳನ್ನು ಸಂತೈಸುತ್ತಿದ್ದಾರೆ. ಎರಡಕ್ಕೂ ರಾಗ ಹಾಕಿದವರು ಅಶ್ವತ್ಥ್. ಮೊದಲನೆಯದು ಕುಣಿಯುತ್ತದೆ, ನಿಂತಲ್ಲಿ ನಿಲ್ಲೋದಿಲ್ಲ. ಎರಡನೆಯದು ಹೆಗಲ ಮೇಲೆ ಕೈ ಇಟ್ಟ ಹಾಗೆ ನಿಧಾನ. ಮಕ್ಕಳು ಆಟದಲ್ಲಿ ಹೇಳಿದ ಎರಡು ‘ತಂಗಿ’ಗಳೇ ಈ ಹಾಡುಗಳಲ್ಲಿ ಸಿಗುತ್ತವೆ, ಸುಮ್ನೆ ಕಿವಿ ಕೊಟ್ಟು ಕೇಳಿ. ಅಶ್ವತ್ಥ್ ಮಾಡಿದ್ದು ಇದನ್ನೇ. ಮಾತಿನಲ್ಲಿ ಆಗಲೇ ಇದ್ದ ರಾಗವನ್ನು ಹುಡುಕಿ ತೆಗೆದರು.

ಕವಿ ಪದ ಕೊಡುತ್ತಾರೆ, ಗಾಯಕರು ದನಿ ಕೊಡುತ್ತಾರೆ. ನಡುವೆ ಇರುವ ಕೆಲಸ ಕೇಳುವವರ ಕಣ್ಣಿಗೆ ಬೀಳೋದಿಲ್ಲ. ಯಾವ ಪದ ಮೇಲಿನ ಸ್ವರದಲ್ಲಿ ಬರಬೇಕು, ಯಾವುದು ಕೆಳಗೆ, ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಯಾವ ಸಾಲು ಎರಡು ಸಲ, ಯಾವುದು ಒಂದೇ ಸಲ, ಚರಣ ಮುಗಿದ ಮೇಲೆ ಪಲ್ಲವಿಗೆ ಮೆಟ್ಟಿಲಿಳಿದ ಹಾಗೆ ಬರಬೇಕಾ ಇಲ್ಲ ಧುಮುಕಬೇಕಾ, ತಬಲಾ ಆರು ಮಾತ್ರೆಯ ದಾದ್ರಾ ನುಡಿಸಬೇಕಾ ಎಂಟು ಮಾತ್ರೆಯ ಕೆಹರವಾ ನುಡಿಸಬೇಕಾ, ಕೊಳಲು ಎಲ್ಲಿ ಬಂದು ಎಲ್ಲಿ ಸುಮ್ಮನಾಗಬೇಕು, ಇದೆಲ್ಲ ರಾಗ ಸಂಯೋಜಕರ ತೀರ್ಮಾನ. ಇದರಲ್ಲಿ ಒಂದು ತಪ್ಪಿದರೂ ಒಳ್ಳೆಯ ಕವಿತೆ ಹಾಳಾಗುತ್ತದೆ. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ, ಅ, ಇ, ಉ, ಎ ಅಂತ. ಹಾಗಾಗಿ ಹಾಡುವವರಿಗೆ ಪ್ರತಿ ಪದದ ಬಾಲ ಎಳೆಯೋ ಆಸೆ. ಎಲ್ಲ ಬಾಲವನ್ನೂ ಎಳೆದರೆ ಪದ ಯಾವುದು ಅಂತಲೇ ಗೊತ್ತಾಗೋದಿಲ್ಲ, ಅರ್ಥ ಹೋಗಿ ಬರೀ ಆಲಾಪ ಉಳಿಯುತ್ತದೆ. ಅಶ್ವತ್ಥ್ ಹಾಡುಗಳಲ್ಲಿ ನನಗೆ ಬಹಳ ಇಷ್ಟ ಆಗೋದು ಇದೇ ಜಾಗ. ಅವರು ಎಳೆಯಬೇಕಾದ ಕಡೆ ಮಾತ್ರ ಎಳೆಯುತ್ತಾರೆ. ಉಳಿದ ಕಡೆ ಪದ ಕಡಿದು ಇಟ್ಟ ಹಾಗೆ ಸ್ಪಷ್ಟ. ಎದುರು ಕೂತು ಮಾತಾಡಿದ ಹಾಗೆ.

ಅವರ ಬದುಕಿನ ವಿವರ ನಿರೂಪಣೆಗೆ ಬೇಕಾಗುತ್ತದೆ, ಚಿಕ್ಕದಾಗಿ ಹೇಳಿಬಿಡುತ್ತೇನೆ. ಹುಟ್ಟಿದ್ದು 1939ರ ಡಿಸೆಂಬರ್ 29, ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ. ಹೋಗಿದ್ದು 2009ರ ಡಿಸೆಂಬರ್ 29, ಬೆಂಗಳೂರಿನಲ್ಲಿ. ಅವತ್ತು ಅವರಿಗೆ 70 ತುಂಬಿದ ದಿನ. ದೇವಗಿರಿ ಶಂಕರ ಜೋಶಿ ಅವರ ಹತ್ತಿರ ಹಿಂದೂಸ್ತಾನಿ ಕಲಿತರು. ಬೆಂಗಳೂರಿನ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆಯಲ್ಲಿ 25 ವರ್ಷಕ್ಕೂ ಜಾಸ್ತಿ ನೌಕರಿ ಮಾಡಿದರು, ಅದರ ಜೊತೆಗೇ ಈ ಹಾಡುಗಳೆಲ್ಲ. 1977ರಲ್ಲಿ ‘ಕಾಕನ ಕೋಟೆ’ ಸಿನಿಮಾಕ್ಕೆ ಸಂಗೀತ ಕೊಟ್ಟರು. ಎಲ್. ವೈದ್ಯನಾಥನ್ ಜೊತೆ ಸೇರಿ ‘ಅಶ್ವತ್ಥ್–ವೈದಿ’ ಅನ್ನೋ ಹೆಸರಲ್ಲಿ ಕೆಲವು ಸಿನಿಮಾ ಮಾಡಿದರು, ‘ಆಲೆಮನೆ’ ಅದರಲ್ಲಿ ಒಂದು. 1990ರ ‘ಸಂತ ಶಿಶುನಾಳ ಶರೀಫ’, 1992ರ ‘ಮೈಸೂರು ಮಲ್ಲಿಗೆ’, 1993ರ ‘ಚಿನ್ನಾರಿ ಮುತ್ತ’, 1997ರ ‘ನಾಗಮಂಡಲ’, ಈ ನಾಲ್ಕೂ ಟಿ.ಎಸ್. ನಾಗಾಭರಣ ಅವರ ಸಿನಿಮಾಗಳು, ನಾಲ್ಕಕ್ಕೂ ಅಶ್ವತ್ಥ್ ಸಂಗೀತ. ಇಷ್ಟು ಹೇಳಿದರೆ ಸಾಕು. ದಯವಿಟ್ಟು ಪ್ರಶಸ್ತಿಗಳ ಪಟ್ಟಿ ಓದಬೇಡಿ. ಜನ ಹಾಡು ಕೇಳೋಕೆ ಬಂದಿರುತ್ತಾರೆ.

ಆದರೆ ಅವರಿಗಿಂತ ಮೊದಲು ದಾರಿ ಹಾಕಿದವರನ್ನು ಮರೆಯಬೇಡಿ. ಕವಿತೆಗಳನ್ನು ವೇದಿಕೆ ಮೇಲೆ ಹಾಡಿ ಜನರ ಬಾಯಲ್ಲಿ ಇಟ್ಟವರು ಪಿ. ಕಾಳಿಂಗರಾಯರು. 1914ರಲ್ಲಿ ಹುಟ್ಟಿದವರು, 1981ರಲ್ಲಿ ತೀರಿಕೊಂಡರು. ಅವರ ಕಾಲದಲ್ಲಿ ಗಟ್ಟಿ ದನಿ ಇದ್ದರೆ ಊರು ಊರೇ ಬಂದು ಕೂರುತ್ತಿತ್ತು. ಆಮೇಲೆ ಮೈಸೂರು ಅನಂತಸ್ವಾಮಿ. ಕೆ.ಎಸ್. ನಿಸಾರ್ ಅಹಮದ್ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ 1978ರಲ್ಲಿ ಅನಂತಸ್ವಾಮಿ ಅವರ ಸಂಗೀತದಲ್ಲಿ ಬಂತು. ಭಾವಗೀತೆ ಸಭೆಯಿಂದ ಎದ್ದು ಮನೆಯ ಟೇಪ್ ರೆಕಾರ್ಡರಿಗೆ ಬಂದದ್ದು ಆ ಕಾಲದಲ್ಲಿ. ಅನಂತಸ್ವಾಮಿ ಮತ್ತು ಅಶ್ವತ್ಥ್ ಇಬ್ಬರನ್ನೂ ಪಕ್ಕಪಕ್ಕ ಇಟ್ಟು ಯಾರು ದೊಡ್ಡವರು ಅಂತ ವಾದ ಮಾಡುವವರನ್ನು ನೋಡಿದ್ದೇನೆ. ನನಗೆ ಆ ವಾದ ಬೇಡ. ಅನಂತಸ್ವಾಮಿ ಅವರ ರಾಗ ಮನೆಯ ಪಡಸಾಲೆಯಲ್ಲಿ ಕೂತು ಪಿಸುಮಾತಿನಲ್ಲಿ ಹೇಳಿದ ಹಾಗೆ ಕೇಳುತ್ತದೆ. ಅಶ್ವತ್ಥ್ ರಾಗ ಓಣಿಗೆ ಬಂದು ಎಲ್ಲರನ್ನೂ ಕರೆಯುತ್ತದೆ. ನನಗಂತೂ ಎರಡೂ ಬೇಕು, ಬೆಳಿಗ್ಗೆ ಒಂದು, ರಾತ್ರಿ ಒಂದು.

ಹಾಂ, ಇಲ್ಲೇ ಒಂದು ಮುಖ್ಯ ಮಾತು. ಕಾರ್ಯಕ್ರಮ ನಾಡಗೀತೆಯಿಂದ ಶುರು ಮಾಡುತ್ತೀರಿ ಅಲ್ವಾ? ಅಶ್ವತ್ಥ್ ನೆನಪಿನ ಸಂಜೆ ಅಂತ ಅವರ ಧಾಟಿಯಲ್ಲೇ ನಾಡಗೀತೆ ಹಾಡೋಣ ಅಂತ ಯಾರಾದರೂ ಹೇಳಬಹುದು. ಕುವೆಂಪು ಅವರ ಈ ಗೀತೆ 2004ರಲ್ಲಿ ನಾಡಗೀತೆ ಆಯಿತು. ಯಾವ ಧಾಟಿ ಅನ್ನೋ ಚರ್ಚೆ ಬಹಳ ವರ್ಷ ನಡೆದು, ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ, 2 ನಿಮಿಷ 30 ಸೆಕೆಂಡಿನಲ್ಲಿ, ಆಲಾಪ ಮತ್ತು ಪುನರಾವರ್ತನೆ ಇಲ್ಲದೆ ಹಾಡಬೇಕು ಅಂತ 2022ರಲ್ಲಿ ಸರ್ಕಾರ ಆದೇಶ ಮಾಡಿತು. ಹಾಗೇ ಹಾಡಿ. ಅಶ್ವತ್ಥ್ ಧಾಟಿಯ ಮೇಲೆ ಪ್ರೀತಿ ಇರುವವರು ಅದನ್ನು ನಡುವೆ ಒಂದು ಹಾಡಾಗಿ ಕೇಳಿಸಬಹುದು, ನಾಡಗೀತೆ ಅಂತ ಹೇಳಿ ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಬೇಡಿ.

ಇನ್ನು ಶರೀಫರ ವಿಷಯ. ನಿಮ್ಮ ತಂದೆಯವರ ಮಾತು ಓದಿ ನನಗೆ ನನ್ನ ಹಳೆಯ ದಿನ ನೆನಪಾಯಿತು. ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಒಂದು ಕ್ಯಾಸೆಟ್ ಅಂಗಡಿ ಇತ್ತು. ಸಂಜೆ ಆ ಕಡೆ ಹೋದರೆ ಒಂದು ಹಾಡು ಮುಗಿಯುವ ತನಕ ಸೈಕಲ್ ಹಿಡಿದು ನಿಂತೇ ಇರುತ್ತಿದ್ದೆ. ಒಂದು ದಿನ ಅಲ್ಲಿ ಶರೀಫರ ಪದ ಬಂತು. ಹಿಂದಿ ಹಾಡು ಕೇಳೋಕೆ ಬಂದವರು, ಬಾಳೆಹಣ್ಣು ಮಾರುವವರು, ಎಲ್ಲರೂ ತಿರುಗಿ ನೋಡಿದರು. ನನಗೆ ಆಶ್ಚರ್ಯ ಆಗಿದ್ದು ಯಾಕೆ ಗೊತ್ತಾ? ಅದು ನಮ್ಮ ಮಠದಲ್ಲಿ ಅಮವಾಸ್ಯೆ ರಾತ್ರಿ ಕೇಳುತ್ತಿದ್ದ ಭಜನೆ ಪದದ ಜಾತಿಯದೇ. ಅದೇ ಒಗಟು, ಅದೇ ‘ತಂಗಿ’, ‘ಗುರುವೇ’. ಆದರೆ ಇಲ್ಲಿ ವಯೊಲಿನ್ ಇದೆ, ಕೋರಸ್ ಇದೆ, ಮತ್ತೆ ಅಂಗಡಿಯಿಂದ ಬರುತ್ತಿದೆ! ಕ್ಯಾಸೆಟ್ ಕೊಂಡೆ. ಟೇಪ್ ಸವೆದು ಎರಡು ಸಲ ಕಟ್ ಆಯಿತು, ಅಂಟಿಸಿ ಮತ್ತೆ ಕೇಳಿದೆ. ಅಂಟಿಸಿದ ಜಾಗದಲ್ಲಿ ಅರ್ಧ ಪದ ಹಾರಿಹೋಗಿತ್ತು. ಈಗಲೂ ಆ ಹಾಡು ಬೇರೆ ಎಲ್ಲಾದರೂ ಕೇಳಿದರೆ ಆ ಜಾಗಕ್ಕೆ ಬಂದಾಗ ನನ್ನ ಕಿವಿ ಅರ್ಧ ಪದ ಹಾರಿಸುತ್ತದೆ.

ಶಿಶುನಾಳ ಶರೀಫರು ಹಾವೇರಿ ಜಿಲ್ಲೆಯವರು, 1819ರಿಂದ 1889ರವರೆಗೆ ಬದುಕಿದವರು. ಗುರು ಗೋವಿಂದ ಭಟ್ಟರು. ಮುಸ್ಲಿಂ ಶಿಷ್ಯ, ಬ್ರಾಹ್ಮಣ ಗುರು ಅನ್ನೋ ಕಥೆ ಬೆಂಗಳೂರಿನ ಜನಕ್ಕೆ ಬೆರಗು ಹುಟ್ಟಿಸಿರಬಹುದು. ನಮಗೆ ಇದು ಹೊಸದಲ್ಲ. ಯಡ್ರಾಮಿ ತಾಲ್ಲೂಕಿನ ಕಡಕೋಳ ಇಲ್ಲೇ ಇದೆ. ಕಡಕೋಳ ಮಡಿವಾಳಪ್ಪನವರು ಶರೀಫರಿಗಿಂತ ಹಿಂದಿನ ತಲೆಮಾರಿನ ತತ್ವಪದಕಾರರು, ಅವರ ಶಿಷ್ಯರಲ್ಲಿ ಚನ್ನೂರ ಜಲಾಲಸಾಹೇಬರಿದ್ದರು, ಖೈನೂರ ಕೃಷ್ಣಪ್ಪನವರಿದ್ದರು, ರಾಮಪುರದ ಬಕ್ಕಪ್ಪನವರಿದ್ದರು. ಹೆಸರು ನೋಡಿದರೇ ಗೊತ್ತಾಗುತ್ತದೆ, ಎಲ್ಲ ಕಡೆಯ ಜನ ಒಂದೇ ಗುರುವಿನ ಹತ್ತಿರ ಕೂತಿದ್ದರು. ಅವರ ಪದಗಳನ್ನು ನಮ್ಮ ಹಳ್ಳಿಗಳ ಭಜನೆ ಮೇಳಗಳು ಇವತ್ತಿಗೂ ಏಕತಾರಿ, ದಮ್ಮಡಿ, ತಾಳ ಹಿಡಿದು ರಾತ್ರಿಯೆಲ್ಲ ಹಾಡುತ್ತವೆ.

ಹಾಗಾಗಿ ಅಶ್ವತ್ಥ್ ಶರೀಫರಿಗೆ ಮಾಡಿದ್ದು ಏನು ಅನ್ನೋದನ್ನು ನಮ್ಮ ಕಡೆಯವರು ಬೇರೆಯವರಿಗಿಂತ ಚೆನ್ನಾಗಿ ಅಳೆಯಬಹುದು, ಯಾಕಂದರೆ ಮೂಲದ ರುಚಿ ನಮಗೆ ಗೊತ್ತು. ಭಜನೆಯಲ್ಲಿ ಮುಂದಿನವರು ಒಂದು ಸಾಲು ಹಾಡುತ್ತಾರೆ, ಹಿಮ್ಮೇಳ ಎತ್ತಿಕೊಳ್ಳುತ್ತದೆ. ಮತ್ತೆ ಅದೇ ಸಾಲು, ಸ್ವಲ್ಪ ಬೇರೆ ತರಹ. ಲಯ ನಿಧಾನಕ್ಕೆ ಶುರುವಾಗಿ ಏರುತ್ತಾ ಹೋಗುತ್ತದೆ. ಅಶ್ವತ್ಥ್ ಆ ಸವಾಲ್–ಜವಾಬನ್ನು ಕೋರಸ್ಸಿಗೆ ತಂದರು. ಒಗಟಿನ ಮಾತು ಜನಕ್ಕೆ ಒಂದೇ ಸಲಕ್ಕೆ ಕಿವಿಗೆ ಬೀಳೋ ಹಾಗೆ ಪದ ಬಿಡಿಸಿ ಹೇಳಿದರು. ಮತ್ತೆ ತಾವೇ ಹಾಡಿದಾಗ ಗಂಟಲು ಬಿಟ್ಟು ಹಾಡಿದರು, ನಾಜೂಕು ಮಾಡಲಿಲ್ಲ. ತತ್ವಪದಕ್ಕೆ ಆ ಬಿಟ್ಟ ಗಂಟಲೇ ಬೇಕು. ಬಯಲಲ್ಲಿ, ಜಾತ್ರೆಯಲ್ಲಿ, ಮೈಕ್ ಇಲ್ಲದೆ ಹಾಡಿ ಬೆಳೆದ ಹಾಡು ಅದು.

ಒಮ್ಮೆ ಜೇವರ್ಗಿ ಕಡೆಯ ಒಬ್ಬ ಹಿರಿಯ ಭಜನೆ ಹಾಡುಗಾರರಿಗೆ ಆ ಕ್ಯಾಸೆಟ್ ಕೇಳಿಸಿದೆ. ಕಣ್ಣು ಮುಚ್ಚಿ ಪೂರಾ ಕೇಳಿದರು. ಆಮೇಲೆ ಹೇಳಿದರು, ‘ಛಲೋ ಅದ ಸರ್ರ, ಮಾತ ಭಾಳ ಸ್ವಚ್ಛ ಬರ್ತದ. ಆದ್ರ ಲಗೂನ ಮುಗೀತದಲ್ರಿ?’ ಎಷ್ಟು ಸರಿಯಾದ ಮಾತು ನೋಡಿ. ಅವರು ಒಂದು ಪದ ಹಿಡಿದರೆ ಅರ್ಧ ಗಂಟೆ ಬಿಡುವವರಲ್ಲ. ಕ್ಯಾಸೆಟ್ಟಿನಲ್ಲಿ ಐದಾರು ನಿಮಿಷಕ್ಕೆ ಮುಗಿಯಬೇಕು. ಅಶ್ವತ್ಥ್ ಆ ಐದಾರು ನಿಮಿಷದಲ್ಲಿ ಶರೀಫರನ್ನು ಎಲ್ಲರ ಮನೆಗೆ ತಂದರು, ಅದು ದೊಡ್ಡ ಕೆಲಸ. ಆದರೆ ಅದರಿಂದ ಒಂದು ತೊಂದರೆಯೂ ಆಗಿದೆ, ಅದನ್ನು ಹೇಳಲೇಬೇಕು. ಈಗ ನಮ್ಮ ಮಕ್ಕಳು ಮಡಿವಾಳಪ್ಪನವರ ಪದವನ್ನೂ ಕ್ಯಾಸೆಟ್ ಧಾಟಿಯಲ್ಲೇ ಹಾಡೋಕೆ ನೋಡುತ್ತಾರೆ. ಹಳೆಯ ಮಟ್ಟು ಹೇಳಿಕೊಡುವವರು ಪಕ್ಕದ ಹಳ್ಳಿಯಲ್ಲೇ ಇದ್ದರೂ ಹೋಗಿ ಕೇಳೋದಿಲ್ಲ. ಇದಕ್ಕೆ ಅಶ್ವತ್ಥ್ ಅವರನ್ನು ದೂರುವುದು ತಪ್ಪು, ಹೋಗಿ ಕೇಳದೇ ಇರುವವರು ನಾವು. ಅದಕ್ಕೇ ನನ್ನ ಮೊದಲ ಬೇಡಿಕೆ: ನಿಮ್ಮ ಸಂಜೆಯಲ್ಲಿ ಒಂದು ಭಜನೆ ಮೇಳಕ್ಕೆ ಅರ್ಧ ಗಂಟೆ ಕೊಡಿ. ಮೊದಲು ಅವರು ತಮ್ಮ ಮಟ್ಟಿನಲ್ಲಿ ಒಂದು ತತ್ವಪದ ಹಾಡಲಿ, ಅದರ ಹಿಂದೆಯೇ ನೀವು ಅಶ್ವತ್ಥ್ ರಾಗದ ಶರೀಫರ ಪದ ಹಾಡಿ. ಕೇಳುವವರಿಗೆ ಅಶ್ವತ್ಥ್ ಎಲ್ಲಿಂದ ಎತ್ತಿಕೊಂಡರು, ತಾವು ಏನು ಸೇರಿಸಿದರು ಅಂತ ಭಾಷಣ ಇಲ್ಲದೆ ಗೊತ್ತಾಗುತ್ತದೆ.

ಈಗ ಟ್ರ್ಯಾಕ್. ಬೇಡ ಅಂತಲೇ ನನ್ನ ಅಭಿಪ್ರಾಯ. ಸುಮ್ನೆ ಹಟಕ್ಕೆ ಹೇಳುತ್ತಿಲ್ಲ. ಕೆಲವು ವರ್ಷದ ಹಿಂದೆ ಒಂದು ಶಾಲೆಯ ಕಾರ್ಯಕ್ರಮಕ್ಕೆ ಹೋಗಿದ್ದೆ. ಒಂಬತ್ತನೇ ಕ್ಲಾಸಿನ ಹುಡುಗಿ, ಒಳ್ಳೆಯ ದನಿ. ಟ್ರ್ಯಾಕ್ ಗಂಡಸರ ಶ್ರುತಿಯದು. ಪಲ್ಲವಿ ಪೂರಾ ಅವಳ ಗಂಟಲಿನ ತಳದಲ್ಲಿ ಸಿಕ್ಕಿಕೊಂಡಿತು, ಎರಡನೇ ಸಾಲಿನಲ್ಲಿ ಮಾತೇ ಕೇಳಿಸಲಿಲ್ಲ. ಮೊದಲ ಚರಣದಲ್ಲಿ ಅವಳು ಒಂದು ಪದದ ಮೇಲೆ ನಿಂತಳು. ಸರಿಯಾಗೇ ನಿಂತಳು, ಅಲ್ಲಿ ಅರ್ಥ ನಿಲ್ಲಬೇಕಿತ್ತು. ಟ್ರ್ಯಾಕ್ ನಿಲ್ಲಲಿಲ್ಲ. ಮುಂದಿನ ಸಾಲು ಅರ್ಧ ದಾಟಿ ಹೋಗಿತ್ತು, ಅವಳು ಓಡಿ ಹಿಡಿಯೋಕೆ ಹೋಗಿ ಎರಡು ಪದ ನುಂಗಿದಳು. ವೇದಿಕೆ ಇಳಿದು ಬಂದವಳು ನನ್ನ ಮುಖ ನೋಡಲಿಲ್ಲ. ತಪ್ಪು ಅವಳದಲ್ಲ ಅಂತ ಅವತ್ತು ಎಷ್ಟು ಹೇಳಿದರೂ ಅವಳಿಗೆ ಸಮಾಧಾನ ಆಗಲಿಲ್ಲ. ಈಗಿನ ಆ್ಯಪ್‌ಗಳಲ್ಲಿ ಶ್ರುತಿ ಬದಲಾಯಿಸಬಹುದು, ವೇಗವನ್ನೂ ಬದಲಾಯಿಸಬಹುದು, ನಿಜ. ಆದರೆ ಹಾಡುವವರ ಉಸಿರಿಗೆ ಕಾಯೋದು ಅದಕ್ಕೆ ಬರೋದಿಲ್ಲ. ಮಾತಿನ ಉಸಿರಿನ ಮೇಲೆ ರಾಗ ಕಟ್ಟಿದ ಮನುಷ್ಯನನ್ನು ನೆನೆಯುವ ದಿನ, ಉಸಿರಿಗೆ ಕಾಯದ ಯಂತ್ರ ಇಟ್ಟುಕೊಂಡು ಹಾಡೋದು ನನಗೆ ಸರಿ ಕಾಣೋದಿಲ್ಲ.

ಒಂದು ಪೇಟಿ (ಹಾರ್ಮೋನಿಯಂ), ಒಂದು ತಬಲಾ, ಎರಡು ಜೋಡಿ ತಾಳ ಸಾಕು. ಕೊಳಲು ನುಡಿಸುವವರು ಸಿಕ್ಕರೆ ಹಬ್ಬ. ನಮ್ಮ ಕಡೆ ಪೇಟಿ ಮಾಸ್ತರರಿಗೆ ಬರ ಇಲ್ಲ, ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದವರು ಎಷ್ಟೋ ಜನ ಇದ್ದಾರೆ. ಒಬ್ಬರನ್ನು ಒಂದು ತಿಂಗಳು ಮೊದಲೇ ಕೇಳಿಕೊಳ್ಳಿ, ಹಿಂದಿನ ದಿನ ಹೋಗಿ ಕರೆಯಬೇಡಿ.

ಶ್ರುತಿ ಇಡುವಾಗ ಒಂದು ಕ್ರಮ ಇದೆ. ಪೇಟಿಯ ಕರಿ ಮನೆಗಳನ್ನು ಎಣಿಸಿ ಹೇಳೋದಾದರೆ, ಗಂಡಸರು ಸಾಮಾನ್ಯವಾಗಿ ಕರಿ ಒಂದು, ಕರಿ ಎರಡರಲ್ಲಿ ಹಾಡುತ್ತಾರೆ, ಹೆಣ್ಣುಮಕ್ಕಳಿಗೆ ಕರಿ ನಾಲ್ಕು, ಕರಿ ಐದು ಹೊಂದುತ್ತದೆ. ಮಕ್ಕಳ ಗುಂಪಿಗೆ ಈ ಲೆಕ್ಕ ನಂಬಬೇಡಿ. ಮೊದಲು ಹಾಡಿನಲ್ಲಿ ಎಲ್ಲಕ್ಕಿಂತ ಮೇಲಿನ ಸ್ವರ ಯಾವುದು, ಎಲ್ಲಕ್ಕಿಂತ ಕೆಳಗಿನದು ಯಾವುದು ಅಂತ ಹುಡುಕಿ. ಅಶ್ವತ್ಥ್ ಹಾಡುಗಳಲ್ಲಿ ಚರಣ ಒಮ್ಮೊಮ್ಮೆ ತಾರಕಕ್ಕೆ ಹೋಗುತ್ತದೆ, ಪಲ್ಲವಿ ಸುಲಭ ಅಂತ ಅಲ್ಲಿಂದ ಶ್ರುತಿ ಇಟ್ಟರೆ ಚರಣದಲ್ಲಿ ಕಿರುಚಾಟ ಆಗುತ್ತದೆ. 14 ಮಕ್ಕಳಲ್ಲಿ ಚಿಕ್ಕ ಗಂಟಲಿನ ಮಗು ಯಾವುದೋ, ಆ ಮಗು ಮೇಲಿನ ಸ್ವರವನ್ನು ಮುಖ ಸಿಂಡರಿಸದೆ ಹಾಡೋ ಜಾಗದಲ್ಲಿ ಶ್ರುತಿ ನಿಲ್ಲಿಸಿ.

ಮತ್ತೆ, ಪೇಟಿ ತೆರೆಯುವ ಮೊದಲು ಎರಡು ದಿನ ಬರೀ ಕವಿತೆ ಓದಿಸಿ. ಜೋರಾಗಿ, ಕೂತು, ನಿಂತು, ಒಬ್ಬರಿಗೊಬ್ಬರು ಹೇಳಿದ ಹಾಗೆ. ಗೊತ್ತಿಲ್ಲದ ಪದಕ್ಕೆ ಅರ್ಥ ಹೇಳಿ. ‘ಕೋಡಗ’ ಅಂದರೆ ಕೋತಿ ಅಂತ ಗೊತ್ತಿಲ್ಲದೆಯೇ ಆ ಹಾಡನ್ನು ಹತ್ತು ವರ್ಷ ಹಾಡಿದವರನ್ನು ನೋಡಿದ್ದೇನೆ. ಕೋತಿಯನ್ನು ಕೋಳಿ ನುಂಗಿತು ಅಂತ ಗೊತ್ತಾದ ತಕ್ಷಣ ಮಕ್ಕಳ ಮುಖ ನೋಡಿ, ಆಮೇಲೆ ಅವರಿಗೆ ಭಾವ ಹೇಳಿಕೊಡುವ ಕೆಲಸವೇ ಇರೋದಿಲ್ಲ.

ಯಾವ ಹಾಡು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮಕ್ಕಳಿಗೆ ‘ಚಿನ್ನಾರಿ ಮುತ್ತ’ದ ಹಾಡುಗಳು. ಎಚ್.ಎಸ್. ವೆಂಕಟೇಶಮೂರ್ತಿ ಮಕ್ಕಳ ಮಾತಿನಲ್ಲೇ ಬರೆದರು, ಅಶ್ವತ್ಥ್ ಮಕ್ಕಳ ಗಂಟಲಿಗೆ ಹೊಂದುವ ಹಾಗೆ ರಾಗ ಹಾಕಿದರು. ದೊಡ್ಡವರಲ್ಲಿ ಹೆಣ್ಣುಮಕ್ಕಳಿದ್ದರೆ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯಿಂದ ‘ರಾಯರು ಬಂದರು ಮಾವನ ಮನೆಗೆ’. ಅದು ಕಥೆ ಹೇಳುವ ಕವಿತೆ, ಹಾಡುವವರು ಕಥೆ ಹೇಳಬೇಕು, ಸ್ವರ ತೋರಿಸೋಕೆ ಹೋಗಬಾರದು. ಜಿ.ಎಸ್. ಶಿವರುದ್ರಪ್ಪನವರ ‘ಕಾಣದ ಕಡಲಿಗೆ’ ಒಬ್ಬರೇ ಹಾಡಲಿ, ಗುಂಪಿಗೆ ಬೇಡ. ಅದರ ಹಂಬಲ ಒಂದೇ ಗಂಟಲಿನದು. ಸಮುದ್ರ ನೋಡದ ನಮ್ಮ ಬಿಸಿಲು ನಾಡಿನ ಹುಡುಗರು ಆ ಹಾಡನ್ನು ಎಷ್ಟು ಚೆನ್ನಾಗಿ ಹಾಡುತ್ತಾರೆ ಅಂದರೆ, ಕೇಳುವಾಗ ನನಗೆ ಪ್ರತಿ ಸಲ ಗಂಟಲು ಕಟ್ಟುತ್ತದೆ.

ಕೊನೆಗೆ ಒಂದು ಮಾತು ಉಳಿದಿದೆ, ಗುಂಪು ನಡೆಸುವುದು. ಅಶ್ವತ್ಥ್ ಅವರನ್ನು ಬರೀ ರಾಗ ಹಾಕಿದವರು, ಹಾಡಿದವರು ಅಂತ ನೆನೆದರೆ ಅರ್ಧ ಬಿಟ್ಟ ಹಾಗೆ. ಅವರು ದೊಡ್ಡ ಗುಂಪನ್ನು ಹಾಡಿಸುವವರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಅಂತ ದೊಡ್ಡ ಕಾರ್ಯಕ್ರಮ ಮಾಡಿದರು. ಕುವೆಂಪು ಅವರ ಮಾತನ್ನೇ ಹೆಸರಾಗಿ ಇಟ್ಟಿದ್ದರು. ನಾನು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಹೋಗಿದ್ದೆ. ಹೋಗುವಷ್ಟರಲ್ಲಿ ಜನ ತುಂಬಿ ಹೋಗಿತ್ತು, ಬಹಳ ಹಿಂದೆ ಜಾಗ ಸಿಕ್ಕಿತು. ಮುಖ ಕಾಣುತ್ತಿರಲಿಲ್ಲ. ಕಂಡದ್ದು ಒಂದು ಕೈ. ಆ ಕೈ ಮೇಲೆ ಹೋದಾಗ ಅಷ್ಟು ಜನರ ದನಿ ಏಳುತ್ತಿತ್ತು, ಇಳಿದಾಗ ಇಳಿಯುತ್ತಿತ್ತು. ಸಿನಿಮಾ ಇಲ್ಲ, ಕುಣಿತ ಇಲ್ಲ, ಬರೀ ಕನ್ನಡ ಕವಿತೆ ಕೇಳೋಕೆ ಅಷ್ಟು ಜನ ಕೂತಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ನನ್ನ ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು, ಗುರುತಿಲ್ಲ ಪರಿಚಯ ಇಲ್ಲ, ಒಂದೊಂದು ಹಾಡಿನ ಸಾಲೂ ಬಾಯಲ್ಲೇ ಹೇಳಿಕೊಳ್ಳುತ್ತಿದ್ದರು. ಅದಾಗಿ ನಾಲ್ಕೇ ವರ್ಷ. 2009ರ ಜನವರಿಯಲ್ಲಿ ಅನಂತಸ್ವಾಮಿ ಅವರ ಮಗ ರಾಜು ಅನಂತಸ್ವಾಮಿ ಹೋದರು, ಇನ್ನೂ ಚಿಕ್ಕ ವಯಸ್ಸು. ಅದೇ ವರ್ಷ ಡಿಸೆಂಬರಿನಲ್ಲಿ ಅಶ್ವತ್ಥ್. ಆ ವರ್ಷ ಸುಗಮ ಸಂಗೀತದವರ ಮನೆಗಳಲ್ಲಿ ಒಂದು ಸಾವಿನ ಮಾತು ಮುಗಿಯೋದರೊಳಗೆ ಇನ್ನೊಂದು ಬಂತು.

ನಿಮ್ಮ ಗುಂಪು 14 ಮಕ್ಕಳದು, ಅರಮನೆ ಮೈದಾನ ಬೇಡ. ಆದರೆ ಎದುರು ನಿಂತು ಕೈ ತೋರಿಸುವವರು ಒಬ್ಬರು ಇರಲೇಬೇಕು, ಮತ್ತೆ ಒಬ್ಬರೇ ಇರಬೇಕು. ಎರಡು ಜನ ಕೈ ಆಡಿಸಿದರೆ ಮಕ್ಕಳು ಇಬ್ಬರನ್ನೂ ನೋಡೋದಿಲ್ಲ. ಕೈ ಎತ್ತಿದರೆ ಉಸಿರು ತೆಗೆದುಕೋ, ಇಳಿಸಿದರೆ ಹಾಡು, ಮುಷ್ಟಿ ಹಿಡಿದರೆ ನಿಲ್ಲು. ಈ ಮೂರೇ ಸಾಕು. ಮಕ್ಕಳು ಪುಸ್ತಕ ನೋಡಿ ಹಾಡಬಾರದು. ಪುಸ್ತಕ ನೋಡಿದರೆ ಕೈ ಕಾಣೋದಿಲ್ಲ, ಎಲ್ಲರೂ ಒಂದೇ ಜಾಗದಲ್ಲಿ ಉಸಿರು ತೆಗೆದುಕೊಳ್ಳೋದಿಲ್ಲ, ಒಬ್ಬೊಬ್ಬರದು ಒಂದೊಂದು ಕಡೆ ಕಟ್ ಆಗುತ್ತದೆ. ಅಶ್ವತ್ಥ್ ತಾಲೀಮಿನಲ್ಲಿ ಬಹಳ ಕಟ್ಟುನಿಟ್ಟು ಅಂತ ಅವರ ಜೊತೆ ಹಾಡಿದವರೆಲ್ಲ ಹೇಳುತ್ತಾರೆ. ಉಚ್ಚಾರ ತಪ್ಪಿದರೆ ಬಿಡುತ್ತಿರಲಿಲ್ಲ. ಮಕ್ಕಳ ಮೇಲೆ ಸಿಟ್ಟು ಬೇಡ, ಆದರೆ ಉಚ್ಚಾರದಲ್ಲಿ ನೀವೂ ಬಿಡಬೇಡಿ. ಹ ಬರಬೇಕಾದ ಕಡೆ ಹ ಬರಲಿ, ಣ ಬರಬೇಕಾದ ಕಡೆ ಣ ಬರಲಿ.

ಜಾಗದ ಬಗ್ಗೆ. ಎಸ್.ಎಂ. ಪಂಡಿತ ರಂಗಮಂದಿರ ಸಿಕ್ಕರೆ ಒಳ್ಳೆಯದೇ, ಆದರೆ ಅಷ್ಟು ದೊಡ್ಡ ಸಭೆಯಲ್ಲಿ 14 ಮಕ್ಕಳ ದನಿಗೆ ಮೈಕ್ ಸರಿ ಮಾಡೋದರಲ್ಲೇ ಸಂಜೆ ಕಳೆಯುತ್ತದೆ. ನಿಮ್ಮ ಬಡಾವಣೆಯ ಗುಡಿ ಮುಂದಿನ ಕಟ್ಟೆ ಸಾಕು ಅಂತ ನನಗೆ ಅನಿಸುತ್ತದೆ. ಡಿಸೆಂಬರ್ ಕೊನೆಗೆ ನಮ್ಮಲ್ಲಿ ಸಂಜೆ ತಂಪು, ಜನ ಶಾಲು ಹೊದ್ದು ಕೂರುತ್ತಾರೆ. ಚಳಿಗೆ ಪೇಟಿಯ ಸ್ವರ ಅಷ್ಟೇನೂ ಕೆಡೋದಿಲ್ಲ, ತಬಲಾ ಮಾತ್ರ ಇಳಿಯುತ್ತದೆ, ನುಡಿಸುವವರಿಗೆ ನಡುನಡುವೆ ಶ್ರುತಿ ಮಾಡಿಕೊಳ್ಳೋಕೆ ಎರಡು ನಿಮಿಷ ಕೊಡಿ. ಆ ಹೊತ್ತಿನಲ್ಲಿ ನಿಮ್ಮ ತಂದೆಯವರನ್ನು ಮಾತಾಡಿಸಿ. ಮೊದಲು ಶರೀಫರ ಹಾಡನ್ನು ಎಲ್ಲಿ ಕೇಳಿದರು, ಯಾರ ಜೊತೆ ಕೇಳಿದರು ಅಂತ ಅವರೇ ಹೇಳಲಿ.

ಪೇಟಿ ಮಾಸ್ತರರು ಯಾರೂ ಸಿಗದೇ ಇದ್ದರೆ ನನಗೆ ತಿಳಿಸಿ. ನನ್ನ ಹತ್ತಿರ ಹಳೆಯ ಕಾಲುಪೇಟಿ ಒಂದಿದೆ, ನಾಲ್ಕು ಜನ ಎತ್ತಬೇಕು. ಆಟೋದಲ್ಲಿ ಹಿಡಿಯೋದಿಲ್ಲ, ಟಂಟಂ ಗಾಡಿ ಮಾಡಿಕೊಂಡು ಬನ್ನಿ.